ಮೂವತ್ತು ಸೆಕೆಂಡಿನ ಪಾಳಿ

ತಾಲ್ಲೂಕು ಮಟ್ಟದ ಕಬಡ್ಡಿ ನೋಡಿದವರಿಗೆ ಈ ದೃಶ್ಯ ಹೊಸದೇನಲ್ಲ. ಎದುರು ತಂಡದ ರೈಡರ್ ಬಲಗಡೆಯ ಮೂಲೆಗೆ ಮೂರು ಸಲ ಬಂದು ಮೂರು ಪಾಯಿಂಟ್ ಒಯ್ದಿದ್ದಾನೆ. ಸುಣ್ಣದ ಗೆರೆಯಾಚೆ ನಿಂತ ಮಾಸ್ತರರು ಹೆಗಲ ಮೇಲಿನ ಟವೆಲ್ ಬೀಸಿ "ಟೈಂ, ಟೈಂ" ಎಂದು ಕೂಗುತ್ತಾರೆ. ಹುಡುಗರು ಏದುಸಿರು ಬಿಡುತ್ತ ಸುತ್ತ ಬಂದು ನಿಲ್ಲುತ್ತಾರೆ. "ಏನ್ ಆಡಾಕತ್ತೀರೋ? ಮುಂಜಾನೆ ರೊಟ್ಟಿ ತಿಂದ ಬಂದೀರಿಲ್ಲೋ?" ಎಂದು ಶುರುವಾದ ಬೈಗುಳ ಮುಗಿಯುವಷ್ಟರಲ್ಲಿ ರೆಫರಿ ಸೀಟಿ ಊದುತ್ತಾರೆ. ಅದೇ ರೈಡರ್ ನಾಲ್ಕನೇ ಸಲ ಅದೇ ಮೂಲೆಗೆ ಬಂದು ಅದೇ ಪಾಯಿಂಟ್ ಒಯ್ಯುತ್ತಾನೆ. ಬದಲಾದದ್ದು ಇಷ್ಟೇ: ಈಗ ಅವನೂ ಮೂವತ್ತು ಸೆಕೆಂಡು ಸುಧಾರಿಸಿಕೊಂಡಿದ್ದಾನೆ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ರೈತರಿಗೆ ಪಾಳಿಯ ನೀರಿನ ಲೆಕ್ಕವನ್ನು ಯಾರೂ ಹೇಳಿಕೊಡಬೇಕಿಲ್ಲ. ಆಲಮಟ್ಟಿ, ನಾರಾಯಣಪುರದ ಕಾಲುವೆಗಳಿಗೆ ವಾರಾಬಂದಿಯಲ್ಲಿ ನೀರು ಬರುತ್ತದೆ. ಇಷ್ಟು ದಿನ ಚಾಲು, ಇಷ್ಟು ದಿನ ಬಂದ್. ಪಾಳಿ ಬಂದಾಗ ಮಡಿ ಸಿದ್ಧವಿರಬೇಕು, ಬದು ಗಟ್ಟಿಯಿರಬೇಕು. ಇಲ್ಲದಿದ್ದರೆ ನಮ್ಮ ಪಾಳಿಯ ನೀರು ಬಾಜೂ ಹೊಲಕ್ಕೆ ಹರಿಯುತ್ತದೆ. ಟೈಮ್‌ಔಟಿನ ಲೆಕ್ಕವೂ ಹೀಗೇ. ಕೇಳಿ ಪಡೆದವರು ನಾವಾದರೂ ಆ ವಿರಾಮ ಇಬ್ಬರಿಗೂ ಸಿಗುತ್ತದೆ. ನಮ್ಮ ಪಾಲಿನ ಮೂವತ್ತು ಸೆಕೆಂಡಿಗೆ ಎದುರಿನವರ ಪಾಲಿಗಿಂತ ಹೆಚ್ಚು ಬೆಲೆ ಇರುವ ಹೊತ್ತಿನಲ್ಲೇ ಅದನ್ನು ಖರ್ಚು ಮಾಡಬೇಕು. ಟಿ.ವಿ. ಪಂದ್ಯಗಳಲ್ಲಿ ಕೋಚ್ ಕೇಳುವ ರಿವ್ಯೂಗೂ ಇದೇ ಮಾತು ಸಲ್ಲುತ್ತದೆ.

ಶಾಲೆಯ ದೈಹಿಕ ಶಿಕ್ಷಕರು, ಊರಿನ ಯುವಕ ಮಂಡಳಿಯ ಕ್ಯಾಪ್ಟನ್‌ಗಳು, ಜಾತ್ರೆಯ ಟೂರ್ನಿಗೆ ತಂಡ ಕಟ್ಟುವ ಹಿರಿಯರು ಈ ಎರಡು ಹತಾರಗಳನ್ನು ಹೇಗೆ ಬಳಸಬಹುದು ಎಂಬುದು ಈ ಲೇಖನದ ವಿಷಯ.

ಮೊದಲು ನಿಯಮ ಗೊತ್ತಿರಲಿ

ಕಬಡ್ಡಿಯಲ್ಲಿ ಪ್ರತಿ ತಂಡಕ್ಕೆ ಪ್ರತಿ ಅರ್ಧದಲ್ಲಿ ಎರಡು ಟೈಮ್‌ಔಟ್, ಒಂದೊಂದಕ್ಕೆ 30 ಸೆಕೆಂಡು. ಇಡೀ ಪಂದ್ಯಕ್ಕೆ ನಾಲ್ಕು. ಎಲ್ಲ ಕೂಡಿಸಿದರೂ ಎರಡೇ ನಿಮಿಷ. ಪುರುಷರ ಪಂದ್ಯ 20 ನಿಮಿಷದ ಎರಡು ಅರ್ಧ. ಮಹಿಳೆಯರಿಗೆ ಮತ್ತು ಸಬ್ ಜೂನಿಯರ್ ಮಕ್ಕಳಿಗೆ 15 ನಿಮಿಷದ ಎರಡು ಅರ್ಧ. ನಡುವೆ 5 ನಿಮಿಷ ವಿಶ್ರಾಂತಿ.

ಈ ನಿಯಮದಲ್ಲಿ ನಾಲ್ಕು ಸಂಗತಿಗಳನ್ನು ನಮ್ಮ ಕಡೆ ಬಹಳ ಮಂದಿ ಗಮನಿಸುವುದಿಲ್ಲ.

ಒಂದು, ಟೈಮ್‌ಔಟ್ ಕೇಳುವ ಹಕ್ಕು ಕೋಚ್‌ಗೆ ಮಾತ್ರ ಇರುವುದಲ್ಲ. ಕ್ಯಾಪ್ಟನ್ ಕೇಳಬಹುದು, ಆಡುತ್ತಿರುವ ಯಾವುದೇ ಆಟಗಾರನೂ ಕೇಳಬಹುದು. ರೆಫರಿಯ ಒಪ್ಪಿಗೆ ಬೇಕು, ಅಷ್ಟೇ.

ಎರಡು, ಟೈಮ್‌ಔಟಿನ ಹೊತ್ತು ಪಂದ್ಯದ ಸಮಯದಲ್ಲಿ ಕಳೆಯುವುದಿಲ್ಲ. ಅಷ್ಟು ಸಮಯವನ್ನು ಮತ್ತೆ ಸೇರಿಸುತ್ತಾರೆ. "ಲೀಡ್ ಅದ, ಟೈಂ ತಗೊಂಡು ಹೊತ್ತು ಕಳಿಯೋಣ" ಎನ್ನುವವರು ಒಂದು ಸೆಕೆಂಡನ್ನೂ ಉಳಿಸುವುದಿಲ್ಲ, ಟೈಮ್‌ಔಟನ್ನೂ ಕಳೆದುಕೊಳ್ಳುತ್ತಾರೆ.

ಮೂರು, ವಿರಾಮದಲ್ಲಿ ತಂಡ ಅಂಕಣ ಬಿಟ್ಟು ಹೋಗುವಂತಿಲ್ಲ. ಹೋದರೆ ಎದುರು ತಂಡಕ್ಕೆ ಒಂದು ಟೆಕ್ನಿಕಲ್ ಪಾಯಿಂಟ್. ಬೇಸಿಗೆಯಲ್ಲಿ ನೀರು ಕುಡಿಯಲು ಹುಡುಗರು ಬೇವಿನ ಮರದ ನೆರಳಿಗೆ ಓಡುವ ಚಾಳಿ ಇದ್ದರೆ ಇವತ್ತೇ ಬಿಡಿಸಿ. ನೀರಿನ ಬಾಟಲಿ ಗೆರೆಯ ಹತ್ತಿರವೇ ಇರಲಿ, ಅದನ್ನು ಕೊಡುವ ಕೆಲಸ ಒಬ್ಬನ ಪಾಲಿಗಿರಲಿ.

ನಾಲ್ಕು, ಕಾಯ್ದಿರಿಸಿದ ಆಟಗಾರರನ್ನು ಒಳಗೆ ಕಳಿಸಲು ಅವಕಾಶವಿರುವುದು ಟೈಮ್‌ಔಟ್‌ನಲ್ಲಿ ಅಥವಾ ಮಧ್ಯಂತರದಲ್ಲಿ. ಆದರೆ ಔಟಾಗಿ ಹೊರಗೆ ಕುಳಿತವನ ಬದಲಿಗೆ ಇನ್ನೊಬ್ಬನನ್ನು ಇಳಿಸಲಾಗದು. ಆದ್ದರಿಂದ ದಣಿದ ಕಾರ್ನರ್ ಆಟಗಾರನನ್ನು ಬದಲಿಸಬೇಕೆಂದಿದ್ದರೆ ಅವನು ಔಟಾಗುವ ಮುಂಚೆಯೇ ಆ ಕೆಲಸ ಮುಗಿಯಬೇಕು.

ಗಾಯ, ಹೊರಗಿನವರ ಅಡ್ಡಿ, ಅಳಿಸಿಹೋದ ಗೆರೆ ಇಂಥವಕ್ಕೆ ರೆಫರಿ ತಾವೇ ಆಟ ನಿಲ್ಲಿಸುತ್ತಾರೆ. ಅದು ನಿಮ್ಮ ಲೆಕ್ಕಕ್ಕೆ ಬರುವುದಿಲ್ಲ. ಗೆರೆ ಅಳಿಸಿದೆ ಎನಿಸಿದರೆ ಸ್ವಂತ ಟೈಮ್‌ಔಟ್ ಸುಡಬೇಡಿ, ಕ್ಯಾಪ್ಟನ್ ಮೂಲಕ ರೆಫರಿಯ ಗಮನಕ್ಕೆ ತನ್ನಿ.

ಯಾರ ಉಸಿರು ಹೆಚ್ಚು ಹತ್ತಿದೆ?

ಕೈ ಎತ್ತುವ ಮುಂಚೆ ಕೋಚ್ ತನ್ನನ್ನೇ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ ಇದು. ಎದುರಿನ ರೈಡರ್ ಒಬ್ಬನೇ ಐದಾರು ರೈಡ್ ಮಾಡಿ ಸೊಂಟಕ್ಕೆ ಕೈಯಿಟ್ಟು ನಿಂತಿದ್ದರೆ ಟೈಮ್‌ಔಟ್ ಅವನಿಗೇ ಉಡುಗೊರೆ. ನಾಲ್ಕು ಪಾಯಿಂಟ್ ಹೋಗಿವೆ ಎಂಬ ಸಂಕಟದಲ್ಲಿ ಕೈ ಎತ್ತುವ ಬದಲು ಅವನನ್ನು ಇನ್ನೊಂದು ಸಲ ಬರಗೊಡಿ. ದಣಿದ ಕಾಲು ಗೆರೆ ದಾಟಿ ಹಿಂದೆ ಬರುವುದು ತಡವಾಗುತ್ತದೆ. ನಮ್ಮ ಡಿಫೆಂಡರ್‌ಗಳು ಒಬ್ಬರನ್ನೊಬ್ಬರು ಢಿಕ್ಕಿ ಹೊಡೆಯುತ್ತಿದ್ದರೆ, ಸರಪಳಿಯಲ್ಲಿ ಹಿಡಿದ ಕೈ ಸಡಿಲವಾಗಿದ್ದರೆ, ಯಾರು ಮೊದಲು ಹೋಗಬೇಕೆಂದು ಕಣ್ಣಲ್ಲೇ ಕೇಳಿಕೊಳ್ಳುತ್ತಿದ್ದರೆ ಆಗ ವಿರಾಮ ನಮಗೆ ಬೇಕಾದದ್ದು.

ಕಬಡ್ಡಿಯಲ್ಲಿ ಟೈಮ್‌ಔಟ್ ಹೆಚ್ಚು ಬೆಲೆ ಬಾಳುವ ಹೊತ್ತು ಮೂರು.

ಮೊದಲನೆಯದು, ಅಂಕಣದಲ್ಲಿ ನಮ್ಮವರು ಮೂವರು ಉಳಿದಾಗ. ಇನ್ನು ಮೂವರು ಹೋದರೆ ಲೋನಾ. ಎದುರಿನವರಿಗೆ ಆ ಪಾಯಿಂಟ್‌ಗಳ ಮೇಲೆ ಎರಡು ಹೆಚ್ಚುವರಿ. ಆದರೆ ಸೂಪರ್ ಟ್ಯಾಕಲ್ ನಿಯಮವಿರುವ ಟೂರ್ನಿಗಳಲ್ಲಿ ಮೂವರು ಅಥವಾ ಅದಕ್ಕಿಂತ ಕಡಿಮೆ ಇದ್ದಾಗ ರೈಡರ್‌ನನ್ನು ಹಿಡಿದರೆ ಒಂದರ ಬದಲು ಎರಡು ಪಾಯಿಂಟ್ ನಮ್ಮದು, ಹೊರಗಿದ್ದ ಒಬ್ಬ ಒಳಗೂ ಬರುತ್ತಾನೆ. ಸಂಕಟವೂ ಅವಕಾಶವೂ ಒಂದೇ ರೈಡ್‌ನಲ್ಲಿ ಕೂಡಿರುವ ಹೊತ್ತು ಅದು. ಬಹಳಷ್ಟು ತಂಡಗಳು ಒಬ್ಬನೇ ಉಳಿದ ಮೇಲೆ ಟೈಮ್‌ಔಟ್ ಕೇಳುತ್ತವೆ. ಆಗ ಯೋಜನೆ ಹಾಕಲು ಯಾರಿದ್ದಾರೆ?

ಎರಡನೆಯದು, ಡೂ ಆರ್ ಡೈ ರೈಡ್‌ಗೆ ಮುಂಚೆ. ಎರಡು ರೈಡ್ ಖಾಲಿ ಹೋದ ತಂಡ ಮೂರನೆಯದರಲ್ಲಿ ಪಾಯಿಂಟ್ ತರಲೇಬೇಕು, ತರದಿದ್ದರೆ ರೈಡರ್ ಔಟ್. ಎದುರಿನವರ ಸರದಿಯಾದರೆ ಯಾರು ಬರುತ್ತಾನೆಂದು ನಮಗೆ ಸುಮಾರಾಗಿ ಗೊತ್ತಿರುತ್ತದೆ. ಅವನಿಗಾಗಿಯೇ ಬಲೆ ಹೆಣೆಯಲು 30 ಸೆಕೆಂಡು ಸಾಕು. ನಮ್ಮ ಸರದಿಯಾದರೆ ಟೈಮ್‌ಔಟ್‌ನಲ್ಲಿ ಹೊಸ ಕಾಲಿನ ರೈಡರ್‌ನನ್ನು ಇಳಿಸಬಹುದು.

ಮೂರನೆಯದು, ಪಂದ್ಯದ ಕೊನೆಯ ಎರಡು ನಿಮಿಷ. ಅದರ ಲೆಕ್ಕ ಮುಂದೆ ಬಿಡಿಸೋಣ.

ಮೊದಲರ್ಧದಲ್ಲಿ ಉಳಿದ ಟೈಮ್‌ಔಟ್ ಎರಡನೆಯ ಅರ್ಧಕ್ಕೆ ಬರುವುದಿಲ್ಲ. ಆದ್ದರಿಂದ ಮೊದಲರ್ಧದಲ್ಲಿ ಒಂದನ್ನಾದರೂ ಎದುರಿನವರ ಆಟ ಓದಿದ ಮೇಲೆ ಹುಡುಗರಿಗೆ ಅದನ್ನು ಹೇಳಲು ಬಳಸಿ. ಎರಡನೆಯ ಅರ್ಧದಲ್ಲಿ ಮಾತ್ರ ಒಂದನ್ನು ಕೊನೆಯ ಮೂರು ನಿಮಿಷಕ್ಕೆಂದು ಕಟ್ಟಿಡಿ. ಏನೇ ಆದರೂ ಅದನ್ನು ಮುಂಚೆ ಮುಟ್ಟಬೇಡಿ.

ಹತ್ತು, ಹತ್ತು, ಹತ್ತು

ಮೂವತ್ತು ಸೆಕೆಂಡಿನಲ್ಲಿ ಆಡಬಹುದಾದ ಮಾತು ಎಷ್ಟು? ಮನೆಯಲ್ಲಿ ಮೊಬೈಲಿನ ಗಡಿಯಾರ ಇಟ್ಟುಕೊಂಡು ನೋಡಿ. ಏಳೆಂಟು ಸಣ್ಣ ವಾಕ್ಯ ಮುಗಿಯುವಷ್ಟರಲ್ಲಿ ಹೊತ್ತು ಮುಗಿಯುತ್ತದೆ. ಆದ್ದರಿಂದ ಅದನ್ನು ಮೂರು ತುಂಡು ಮಾಡಿ. ಮೊದಲ ಹತ್ತು ಸೆಕೆಂಡು ನೀರು ಮತ್ತು ಉಸಿರು. ಈ ಹೊತ್ತಿನಲ್ಲಿ ಏನು ಹೇಳಿದರೂ ಕಿವಿಗೆ ಹೋಗುವುದಿಲ್ಲ. ಎರಡನೆಯ ಹತ್ತು ಸೆಕೆಂಡು ಕೋಚ್‌ನದು, ಒಂದೇ ಮಾತು. ಕೊನೆಯ ಹತ್ತು ಸೆಕೆಂಡು ಆಟಗಾರರದು. ಕೇಳಿದ್ದನ್ನು ಅವರೇ ತಿರುಗಿ ಹೇಳಬೇಕು.

ಮೇಲೆ ಹೇಳಿದ ಬಲಮೂಲೆಯ ರೈಡರ್‌ನನ್ನೇ ಇಟ್ಟುಕೊಳ್ಳಿ. ನಮ್ಮವರು ಆರು ಮಂದಿ ಇದ್ದಾರೆ, ಅಂದರೆ ಬೋನಸ್ ಗೆರೆ ಚಾಲ್ತಿಯಲ್ಲಿದೆ. ಟೈಮ್‌ಔಟ್ ಹೀಗೆ ಸಾಗಬೇಕು:

"ನೀರ ಕುಡೀರಿ. ಯಾರೂ ಮಾತಾಡಬ್ಯಾಡ್ರಿ."

"ಈಗ ಕೇಳ್ರಿ. ಅವ ಬೋನಸ್ಸಿಗೆ ಕಾಲ ಚಾಚಿದಾಗ ಮೈಭಾರ ಹಿಂದಿನ ಕಾಲಿನ ಮ್ಯಾಲ ಇರ್ತೈತಿ. ಬಲಮೂಲಿಯಾಂವ ಚಾಚಿದ ಕಾಲ ಬಿಡು, ಹಿಂದಿನ ಕಾಲ ಹಿಡಿ. ಕವರಿನಾಂವ ಅವನ ಹಿಂದನ ಬಂದು ದಾರಿ ಮುಚ್ಚು. ಮೊದಲ ಯಾರ ಹೋಗೋದು?"

"ನಾ, ಸರ. ಹಿಂದಿನ ಕಾಲಿಗೆ."

"ಆಮ್ಯಾಲ?"

"ನಾ ಸರ. ದಾರಿ ಮುಚ್ಚೋದು."

"ಆತು. ನಡೀರಿ."

ಇದರಲ್ಲಿ ಬೈಗುಳವಿಲ್ಲ, ಹುರಿದುಂಬಿಸುವ ಭಾಷಣವೂ ಇಲ್ಲ. ಒಬ್ಬ ರೈಡರ್, ಒಂದು ಕಾಲು, ಇಬ್ಬರ ಕೆಲಸ, ಅಷ್ಟೇ ಇದೆ. "ಜೋರಾಗಿ ಆಡ್ರಿ" ಎಂದರೆ ಏಳು ಹುಡುಗರು ಏಳು ರೀತಿ ತಿಳಿದುಕೊಳ್ಳುತ್ತಾರೆ. "ಹಿಂದಿನ ಕಾಲು" ಎಂದರೆ ಎಲ್ಲರ ಕಣ್ಣೂ ಒಂದೇ ಕಡೆ ಹೋಗುತ್ತದೆ.

ಕೊನೆಯ ಎರಡು ನಿಮಿಷದ ಲೆಕ್ಕ

ನಾವು ಮೂರು ಪಾಯಿಂಟ್ ಮುಂದಿದ್ದೇವೆ, ಉಳಿದದ್ದು ಎರಡು ನಿಮಿಷ, ರೈಡ್ ನಮ್ಮದು ಎಂದು ಇಟ್ಟುಕೊಳ್ಳಿ. ಟೈಮ್‌ಔಟ್ ಸಮಯವನ್ನು ತಿನ್ನುವುದಿಲ್ಲ ಎಂದು ಆಗಲೇ ನೋಡಿದೆವು. ತಿನ್ನುವುದು ರೈಡ್. ಒಂದು ರೈಡ್‌ಗೆ 30 ಸೆಕೆಂಡು ಮಿತಿಯಿದೆ. ನಮ್ಮ ರೈಡರ್ ಬಾಕ್ ಲೈನ್ ದಾಟಿ, ಅಪಾಯಕ್ಕೆ ಹೋಗದೆ ಇಡೀ 30 ಸೆಕೆಂಡು ತಿರುಗಾಡಿ ಬಂದರೆ, ಎದುರಿನವರು ಅವಸರದಲ್ಲಿ 15 ಸೆಕೆಂಡಿಗೆ ರೈಡ್ ಮುಗಿಸಿದರೆ, ಒಂದು ಸುತ್ತಿಗೆ 45 ಸೆಕೆಂಡು. 120 ಸೆಕೆಂಡಿನಲ್ಲಿ ನಮ್ಮದು ಮೂರು ರೈಡ್, ಅವರದು ಎರಡೇ. ಅದೇ ನಮ್ಮ ಹುಡುಗ ಗಾಬರಿಯಲ್ಲಿ ಹತ್ತು ಸೆಕೆಂಡಿಗೆ ಓಡಿಬಂದರೆ ಸುತ್ತು 25 ಸೆಕೆಂಡಿಗೆ ಇಳಿಯುತ್ತದೆ. ಆಗ ಅವರಿಗೆ ನಾಲ್ಕು ರೈಡ್ ಪೂರ್ತಿ ಸಿಗುತ್ತದೆ, ಐದನೆಯದಕ್ಕೂ ಕಾಲಿಡುತ್ತಾರೆ. ಸಮಯ ಮುಗಿದರೂ ನಡೆಯುತ್ತಿರುವ ರೈಡ್ ಪೂರ್ತಿಯಾಗಲು ಬಿಡುತ್ತಾರೆ ಎಂಬುದು ನೆನಪಿರಲಿ.

ಇಲ್ಲೊಂದು ಮುಳ್ಳಿದೆ. ಡೂ ಆರ್ ಡೈ ನಿಯಮವಿದ್ದರೆ ನಮ್ಮ ಎರಡು ಖಾಲಿ ರೈಡ್‌ಗಳ ಬಳಿಕ ಮೂರನೆಯದು ಕಡ್ಡಾಯ. ಖಾಲಿ ಬಂದರೆ ಒಂದು ಪಾಯಿಂಟ್ ಅವರಿಗೆ. ಅಂದರೆ ಮೂರು ಪಾಯಿಂಟಿನ ಲೀಡ್‌ನಲ್ಲಿ ಒಂದನ್ನು ಬಿಟ್ಟುಕೊಡಲು ಸಿದ್ಧರಿರಬೇಕು. ಉಳಿದ ಎರಡನ್ನು ಅವರ ಎರಡು ರೈಡ್‌ಗಳಿಂದ ಕಾಯಬೇಕು. ಕೊನೆಯ ಟೈಮ್‌ಔಟ್‌ನಲ್ಲಿ ಹೇಳಬೇಕಾದದ್ದು ಈ ಲೆಕ್ಕ: "ಮೂರು ರೈಡ್ ನಮ್ಮವು. ಮೊದಲ ಎರಡು ಪೂರ್ತಿ ಹೊತ್ತು. ಡಿಫೆನ್ಸಿನಾಗ ಯಾರೂ ಮುಂದ ಹಾರಬ್ಯಾಡ್ರಿ."

ಹಿಂದೆ ಬಿದ್ದ ತಂಡದ ಲೆಕ್ಕ ಇದರ ತಿರುವು. ಅವರು ಟೈಮ್‌ಔಟ್ ತೆಗೆದುಕೊಂಡು ಹೇಳಬೇಕಾದದ್ದು ರೈಡ್ ಬೇಗ ಮುಗಿಸಿರಿ, ಎದುರಿನ ರೈಡರ್‌ನನ್ನು ತಿರುಗಾಡಲು ಬಿಡದೆ ಹಿಡಿಯಲು ಹೋಗಿರಿ ಎಂದು. ತಪ್ಪಿದರೂ ಸಮಯ ಉಳಿಯುತ್ತದೆ.

ವಾಲಿಬಾಲ್‌ನಲ್ಲಿ ಮೂರನೇ ಪಾಯಿಂಟಿಗೇ ಕೈ

ಜಾತ್ರೆಯ ರಾತ್ರಿ ದೊಡ್ಡ ಲೈಟಿನ ಕೆಳಗೆ ನಡೆಯುವ ವಾಲಿಬಾಲ್‌ನಲ್ಲಿ ಟೈಮ್‌ಔಟಿನ ಕೆಲಸ ಬೇರೆ. ಇಲ್ಲಿ ಪ್ರತಿ ಸೆಟ್‌ಗೆ ಪ್ರತಿ ತಂಡಕ್ಕೆ ಎರಡು, ಒಂದೊಂದು 30 ಸೆಕೆಂಡು. ಚೆಂಡು ಆಟದಲ್ಲಿಲ್ಲದಾಗ, ಸರ್ವಿಸ್‌ಗೆ ಸೀಟಿ ಊದುವ ಮುಂಚೆ ಕೇಳಬೇಕು. ಒಂದು ಅಂಗೈಯನ್ನು ಇನ್ನೊಂದು ಕೈಯ ಬೆರಳ ತುದಿಯ ಮೇಲಿಟ್ಟು ತೋರಿಸಬೇಕು. ಸೀಟಿ ಆದ ಮೇಲೆ ಕೂಗಿದರೆ ಉಪಯೋಗವಿಲ್ಲ. ಪದೇ ಪದೇ ಹಾಗೆ ಮಾಡಿದರೆ ಆಟ ತಡಮಾಡಿದ ದಂಡ ಬೀಳುತ್ತದೆ.

ಸೆಟ್ ಇರುವುದು 25 ಪಾಯಿಂಟಿಗೆ, ಐದನೆಯದಾದರೆ 15ಕ್ಕೆ. ಒಬ್ಬ ಸರ್ವರ್ ಲಯ ಹಿಡಿದರೆ ಐದಾರು ಪಾಯಿಂಟ್ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಹೋಗುತ್ತವೆ. ಆದ್ದರಿಂದ ಅದೇ ಕೈಯಿಂದ ಸತತ ಮೂರನೆಯ ಪಾಯಿಂಟ್ ಹೋದಾಗಲೇ ನಿಲ್ಲಿಸಿ. ಆರು ಹೋದ ಮೇಲೆ ನಿಲ್ಲಿಸಿದರೆ ಮೂರು ಪಾಯಿಂಟಿನ ಬಡ್ಡಿ ಕಟ್ಟಿದಂತೆ. ನಿಲ್ಲಿಸಿದಾಗ ಹೇಳಬೇಕಾದದ್ದು ಮೊದಲ ಚೆಂಡು ಯಾರದು, ಯಾರು ಒಂದು ಹೆಜ್ಜೆ ಹಿಂದೆ ನಿಲ್ಲಬೇಕು ಎಂಬಷ್ಟೇ.

ಎರಡನೆಯ ಟೈಮ್‌ಔಟನ್ನು 20 ದಾಟುವವರೆಗೆ ಕಾಯ್ದಿಡಿ. ನಡುವೆ ಲಯ ಮುರಿಯಲೇಬೇಕಾದರೆ ಬದಲಿ ಆಟಗಾರನನ್ನು ಇಳಿಸಿ. ಒಂದು ಸೆಟ್‌ಗೆ ಆರು ಬದಲಾವಣೆಗೆ ಅವಕಾಶವಿದೆ. ಆಟಗಾರ ಬದಲಾಗುವ ಆ ಕೆಲವು ಸೆಕೆಂಡೂ ಒಂದು ಸಣ್ಣ ವಿರಾಮವೇ.

ರಿವ್ಯೂಗೆ ಮೂರು ಪ್ರಶ್ನೆ

ಟಿ.ವಿ.ಯಲ್ಲಿ ಪ್ರೊ ಕಬಡ್ಡಿ ನೋಡಿ ಬೆಳೆದ ಹುಡುಗರಿಗೆ ರಿವ್ಯೂ ಹೊಸದಲ್ಲ. ನಾಳೆ ಇವರಲ್ಲೊಬ್ಬ ರಾಜ್ಯ ಮಟ್ಟಕ್ಕೋ ಲೀಗ್‌ಗೋ ಹೋದಾಗ ಅದನ್ನು ಬಳಸಬೇಕಾಗುತ್ತದೆ. ಬಹಳಷ್ಟು ಆಟಗಳಲ್ಲಿ ರಿವ್ಯೂವಿನ ತತ್ವ ಒಂದೇ: ಕೈಯಲ್ಲಿರುವುದು ಕೆಲವೇ, ಗೆದ್ದರೆ ಉಳಿಯುತ್ತದೆ, ಸೋತರೆ ಹೋಗುತ್ತದೆ.

ಇದನ್ನು ಕಠಿಣವಾಗಿ ಲೆಕ್ಕ ಹಾಕುವವರು ಅಮೆರಿಕನ್ ಫುಟ್‌ಬಾಲ್ ಕೋಚ್‌ಗಳು. ಅಲ್ಲಿನ ಎನ್‌ಎಫ್‌ಎಲ್‌ನಲ್ಲಿ ಕೋಚ್ ತೀರ್ಪನ್ನು ಪ್ರಶ್ನಿಸಲು ಮೈದಾನಕ್ಕೆ ಕೆಂಪು ಬಾವುಟ ಎಸೆಯುತ್ತಾನೆ. ಈ ಪದ್ಧತಿ 1999ರಿಂದ ನಡೆದುಬಂದಿದೆ. ತಂಡಕ್ಕೆ ಪ್ರತಿ ಅರ್ಧದಲ್ಲಿ ಮೂರು ಟೈಮ್‌ಔಟ್ ಇರುತ್ತವೆ. ಬಾವುಟ ಎಸೆದು ಸೋತರೆ ಅದರಲ್ಲೊಂದು ಹೋಗುತ್ತದೆ. ಟೈಮ್‌ಔಟ್ ಉಳಿದಿಲ್ಲದಿದ್ದರೆ ಬಾವುಟ ಎಸೆಯುವಂತೆಯೇ ಇಲ್ಲ. ಸಿಟ್ಟಿಗೆ ಬೆಲೆ ಕಟ್ಟಿದ ನಿಯಮ ಇದು. ನಾವು ಕಾಲ್ಚೆಂಡು ಎನ್ನುವ ಫುಟ್‌ಬಾಲ್‌ನಲ್ಲೂ ಫಿಫಾ 2024ರಲ್ಲಿ ಕೊಲಂಬಿಯಾದ 20 ವರ್ಷದೊಳಗಿನ ಮಹಿಳಾ ವಿಶ್ವಕಪ್‌ನಲ್ಲಿ ಇಂಥ ಪದ್ಧತಿ ಪ್ರಯೋಗಿಸಿತು. ಕೋಚ್ ಬೆರಳು ಸುತ್ತಿಸಿ ನಾಲ್ಕನೆಯ ರೆಫರಿಗೆ ಚೀಟಿ ಕೊಡಬೇಕು. ಪಂದ್ಯಕ್ಕೆ ಎರಡೇ ಸಲ. ಅದೂ ಗೋಲು, ಪೆನಾಲ್ಟಿ, ನೇರ ಕೆಂಪು ಕಾರ್ಡ್, ಒಬ್ಬನ ಬದಲು ಇನ್ನೊಬ್ಬನಿಗೆ ಕಾರ್ಡ್ ಕೊಟ್ಟಂಥ ದೊಡ್ಡ ವಿಷಯಗಳಿಗೆ ಮಾತ್ರ.

ಕ್ರಿಕೆಟ್‌ನಲ್ಲಿ ಭಾರತ ತಂಡ ಡಿಆರ್‌ಎಸ್ ಪದ್ಧತಿಯನ್ನು ಬಹಳ ವರ್ಷ ದೂರವಿಟ್ಟು 2016ರ ನವೆಂಬರ್‌ನಲ್ಲಿ ಇಂಗ್ಲೆಂಡ್ ಸರಣಿಗೆ ಒಪ್ಪಿಕೊಂಡಿತು. ಆಗ ತಂಡದ ಕೋಚ್ ನಮ್ಮ ಅನಿಲ್ ಕುಂಬ್ಳೆ. ಅಲ್ಲಿ ನಿರ್ಧಾರಕ್ಕೆ 15 ಸೆಕೆಂಡು. ಬೌಲರ್‌ಗೆ ತನ್ನ ಎಲ್ಲ ಚೆಂಡೂ ವಿಕೆಟ್ಟಿಗೇ ಹೋಗುತ್ತಿತ್ತು ಎನಿಸುತ್ತದೆ. ಅದಕ್ಕೇ ನಾಯಕ ಮೊದಲು ವಿಕೆಟ್‌ಕೀಪರ್ ಮುಖ ನೋಡುತ್ತಾನೆ.

ಈ ಆಟಗಳಿಂದ ನಮ್ಮ ಕೋಚ್ ತೆಗೆದುಕೊಳ್ಳಬೇಕಾದದ್ದು ಮೂರು ಪ್ರಶ್ನೆ.

ಕಂಡವರು ಯಾರು? ಬೆಂಚಿನಲ್ಲಿ ಕುಳಿತವರ ಕೂಗು ಸಾಕ್ಷಿಯಲ್ಲ. ಮುಟ್ಟಿಸಿಕೊಂಡವನಿಗೋ ಮುಟ್ಟಿದವನಿಗೋ ಗೊತ್ತಿರುತ್ತದೆ. ಅವನನ್ನು ಕೇಳಿ.

ಕ್ಯಾಮೆರಾಕ್ಕೆ ಕಾಣುವಂಥದ್ದೇ? ಗೆರೆ ತುಳಿದದ್ದು, ಬೋನಸ್ ಗೆರೆ ದಾಟುವಾಗ ಹಿಂದಿನ ಕಾಲು ಎತ್ತಿದ್ದು ಸಾಮಾನ್ಯವಾಗಿ ಕಾಣುತ್ತದೆ. ಆರು ಮೈಗಳ ರಾಶಿಯ ಕೆಳಗೆ ಬೆರಳ ತುದಿ ಮುಟ್ಟಿತೋ ಇಲ್ಲವೋ ಎಂಬುದು ಅಷ್ಟು ಸುಲಭದಲ್ಲಿ ಕಾಣದು. ಸ್ಪಷ್ಟವಾಗಿ ಕಾಣದಿದ್ದರೆ ಮೊದಲ ತೀರ್ಪೇ ನಿಲ್ಲುತ್ತದೆ.

ಬೆಲೆ ಎಷ್ಟು? ನಾಲ್ಕನೆಯ ನಿಮಿಷದ ಒಂದು ಪಾಯಿಂಟಿಗೂ, ಲೋನಾ ಆಗುವ ಅಥವಾ ತಪ್ಪುವ ಒಂದು ಪಾಯಿಂಟಿಗೂ ಅಜಗಜಾಂತರ.

ಮೂರಕ್ಕೂ ಉತ್ತರ ಗಟ್ಟಿಯಾಗಿದ್ದರೆ ಕೇಳಿ. ಎರಡಕ್ಕೆ ಮಾತ್ರ ಇದ್ದರೆ, ಅದು ಪಂದ್ಯದ ಕೊನೆಯಾಗಿದ್ದರೆ ಕೇಳಿ. ಆಗ ಉಳಿಸಿಕೊಂಡು ಮಾಡುವುದೇನೂ ಇಲ್ಲ.

ಕ್ಯಾಮೆರಾಕ್ಕಿಂತ ನಿಯಮ ಪುಸ್ತಕ ದೊಡ್ಡದು

ದೃಶ್ಯ ಸ್ಪಷ್ಟವಾಗಿ ಕಂಡರೂ ಜಗಳ ಬಗೆಹರಿಯದ ಪಂದ್ಯ ಒಂದಿದೆ. 2023ರ ಅಕ್ಟೋಬರ್ 7, ಹಾಂಗ್‌ಝೌ ಏಷ್ಯನ್ ಗೇಮ್ಸ್‌ನ ಪುರುಷರ ಕಬಡ್ಡಿ ಫೈನಲ್. ಭಾರತ, ಇರಾನ್ 28-28. ಉಳಿದದ್ದು ಸುಮಾರು ಒಂದು ನಿಮಿಷ. ಡೂ ಆರ್ ಡೈ ರೈಡ್‌ಗೆ ಹೋದ ಪವನ್ ಸೆಹ್ರಾವತ್ ಯಾರನ್ನೂ ಮುಟ್ಟದೆ ಲಾಬಿಗೆ ಕಾಲಿಟ್ಟರು. ಅವರನ್ನು ಬೆನ್ನಟ್ಟಿದ ಇರಾನ್ ಡಿಫೆಂಡರ್‌ಗಳೂ ಲಾಬಿಗೆ ಇಳಿದರು. ನಡೆದದ್ದು ಎಲ್ಲರ ಕಣ್ಣ ಮುಂದೆಯೇ ಇತ್ತು. ಪ್ರಶ್ನೆ ಉಳಿದದ್ದು ನಿಯಮದ್ದು: ಔಟಾದವನು ರೈಡರ್ ಒಬ್ಬನೇ, ಇಲ್ಲವೇ ಹಿಂದೆ ಹೋದವರೂ? ಹಳೆಯ ನಿಯಮದಲ್ಲಿ ಒಂದು ಉತ್ತರ, ಪ್ರೊ ಕಬಡ್ಡಿಯಲ್ಲಿ ಬಳಕೆಗೆ ಬಂದ ನಿಯಮದಲ್ಲಿ ಇನ್ನೊಂದು. ತೀರ್ಪು ಅತ್ತಿತ್ತ ತಿರುಗಿತು, ಆಟಗಾರರು ಅಂಕಣದಲ್ಲೇ ಕುಳಿತರು, ಸುಮಾರು ಒಂದು ತಾಸು ಆಟ ನಿಂತಿತು. ಕೊನೆಗೆ ಭಾರತಕ್ಕೆ ಮೂರು, ಇರಾನಿಗೆ ಒಂದು ಪಾಯಿಂಟ್ ಕೊಟ್ಟು ಆಟ ಮುಂದುವರಿಸಲಾಯಿತು. 33-29ರಲ್ಲಿ ಭಾರತ ಚಿನ್ನ ಗೆದ್ದಿತು.

ಏಷ್ಯನ್ ಗೇಮ್ಸ್‌ನಲ್ಲೇ ಹೀಗಾದರೆ ಊರಿನ ಟೂರ್ನಿಯಲ್ಲಿ ಆಗದೇ? ಆದ್ದರಿಂದ ಪಂದ್ಯಕ್ಕೆ ಮುಂಚಿನ ವ್ಯವಸ್ಥಾಪಕರ ಸಭೆಯಲ್ಲಿ ಕೈ ಎತ್ತಿ ಕೇಳಿ: ಲಾಬಿ ನಿಯಮ ಯಾವುದು? ಡೂ ಆರ್ ಡೈ ಇದೆಯೇ? ಸೂಪರ್ ಟ್ಯಾಕಲ್ ಇದೆಯೇ? ಟೈಮ್‌ಔಟ್ ಎಷ್ಟು? ಆಕ್ಷೇಪ ಸಲ್ಲಿಸುವುದು ಯಾರಿಗೆ, ಎಷ್ಟು ಹೊತ್ತಿನೊಳಗೆ? ಪ್ರೇಕ್ಷಕರ ಮೊಬೈಲ್ ವಿಡಿಯೊ ಸಾಕ್ಷಿಯಾಗುತ್ತದೆಯೇ? ಐದು ನಿಮಿಷದ ಈ ಮಾತು ಮುಂದಿನ ಒಂದು ತಾಸಿನ ಜಗಳ ಉಳಿಸುತ್ತದೆ.

ರಿವ್ಯೂ ಇಲ್ಲದ ಮೈದಾನದಲ್ಲಿ

ನಮ್ಮ ನಾಲ್ಕೂ ತಾಲ್ಲೂಕುಗಳ ಶಾಲಾ ಮೈದಾನಗಳಲ್ಲಿ ಮೂರನೆಯ ಅಂಪೈರ್ ಇರುವುದಿಲ್ಲ. ಹಾಗೆಂದು ತಪ್ಪು ತೀರ್ಪಿಗೆ ದಾರಿಯೇ ಇಲ್ಲ ಎಂದಲ್ಲ.

ವಾಲಿಬಾಲ್‌ನ ನಿಯಮದಲ್ಲಿ ಚೊಕ್ಕ ದಾರಿಯೊಂದಿದೆ. ಚೆಂಡು ಆಟದಲ್ಲಿಲ್ಲದಾಗ ಕ್ಯಾಪ್ಟನ್ ಮೊದಲನೆಯ ರೆಫರಿಯ ಬಳಿ ತೀರ್ಪಿನ ವಿವರಣೆ ಕೇಳಬಹುದು. ಒಪ್ಪಿಗೆಯಾಗದಿದ್ದರೆ ಆಕ್ಷೇಪ ದಾಖಲಿಸುವ ಹಕ್ಕನ್ನು ಕಾಯ್ದಿರಿಸಿದ್ದೇನೆ ಎಂದು ಆಗಲೇ ತಿಳಿಸಿ, ಪಂದ್ಯ ಮುಗಿದ ಮೇಲೆ ಸ್ಕೋರ್‌ಶೀಟ್‌ನಲ್ಲಿ ಬರೆಸಬಹುದು. ಆಗಲೇ ತಿಳಿಸಬೇಕು ಎಂಬುದೇ ಮುಖ್ಯ. ಪಂದ್ಯ ಸೋತ ಮೇಲೆ ನೆನಪಾದ ಅನ್ಯಾಯಕ್ಕೆ ಸ್ಕೋರ್‌ಶೀಟ್‌ನಲ್ಲಿ ಜಾಗವಿಲ್ಲ.

ಕಬಡ್ಡಿಯಲ್ಲೂ ಮಾತಾಡುವ ಕೆಲಸ ಕ್ಯಾಪ್ಟನ್ ಒಬ್ಬನದೇ ಇರಲಿ. ಏಳು ಮಂದಿ ರೆಫರಿಯನ್ನು ಮುತ್ತಿದರೆ ಸಿಗುವುದು ಕಾರ್ಡ್: ಹಸಿರು ಎಚ್ಚರಿಕೆ, ಹಳದಿಯಾದರೆ ಎರಡು ನಿಮಿಷ ಹೊರಗೆ, ಕೆಂಪಾದರೆ ಪಂದ್ಯದಿಂದಲೇ ಹೊರಗೆ. ಅಮಾನತಾದವನ ಜಾಗಕ್ಕೆ ಬದಲಿ ಆಟಗಾರನೂ ಇಲ್ಲ.

ಸಿಟ್ಟು ಎಷ್ಟು ದುಬಾರಿಯಾಗಬಹುದು ಎಂಬುದಕ್ಕೆ ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದ ಒಂದು ರಾತ್ರಿಯೇ ಸಾಕ್ಷಿ. 2023ರ ಮಾರ್ಚ್ 3ರಂದು ಇಂಡಿಯನ್ ಸೂಪರ್ ಲೀಗ್ ಫುಟ್‌ಬಾಲ್‌ನ ನಾಕೌಟ್ ಪಂದ್ಯ, ಬೆಂಗಳೂರು ಎಫ್‌ಸಿ ಮತ್ತು ಕೇರಳ ಬ್ಲಾಸ್ಟರ್ಸ್ ನಡುವೆ. ನಿಗದಿತ ಸಮಯದಲ್ಲಿ ಗೋಲಿಲ್ಲ. ಹೆಚ್ಚುವರಿ ಸಮಯದ 96ನೇ ನಿಮಿಷದಲ್ಲಿ ಕೇರಳದವರು ಗೋಡೆ ಕಟ್ಟಿ ಸಿದ್ಧರಾಗುವ ಮುಂಚೆಯೇ ಸುನಿಲ್ ಚೆಟ್ರಿ ಫ್ರೀ ಕಿಕ್ ಹೊಡೆದು ಗೋಲು ಮಾಡಿದರು. ರೆಫರಿ ಗೋಲು ಕೊಟ್ಟರು. ವಿಡಿಯೊ ನೋಡಿ ತೀರ್ಪು ಕೊಡುವ ವ್ಯವಸ್ಥೆ ಆ ಲೀಗ್‌ನಲ್ಲಿ ಇರಲಿಲ್ಲ. ಕೇರಳದ ಕೋಚ್ ಇವಾನ್ ವುಕೊಮಾನೊವಿಚ್ ತಂಡವನ್ನೇ ಮೈದಾನದಿಂದ ಹೊರಗೆ ಕರೆದುಕೊಂಡು ಹೋದರು. ಇನ್ನೂ ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಆಟ ಬಾಕಿಯಿತ್ತು. ಒಂದು ಗೋಲು ತೀರಿಸಲು ಸಾಕಷ್ಟು ಹೊತ್ತು. ಬೆಂಗಳೂರು ಸೆಮಿಫೈನಲ್‌ಗೆ ಹೋಯಿತು. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಕೇರಳ ತಂಡಕ್ಕೆ 4 ಕೋಟಿ ರೂಪಾಯಿ, ಕೋಚ್‌ಗೆ 5 ಲಕ್ಷ ದಂಡ ಹಾಕಿ 10 ಪಂದ್ಯ ನಿಷೇಧಿಸಿತು.

ಅಭ್ಯಾಸದಲ್ಲೇ ಟೈಮ್‌ಔಟ್

ಪಂದ್ಯದಲ್ಲಿ ಏನಾಗಬೇಕೋ ಅದು ವಾರದ ಅಭ್ಯಾಸದಲ್ಲಿ ಆಗಿರಬೇಕು. ಸಂಜೆಯ ಅಭ್ಯಾಸ ಪಂದ್ಯದಲ್ಲಿ ಎರಡೂ ಕಡೆಗೆ ಟೈಮ್‌ಔಟ್ ಕೊಡಿ. ಗಡಿಯಾರ ಹಿಡಿದ ಒಬ್ಬ ಹುಡುಗ 20 ಸೆಕೆಂಡಿಗೆ ಕೂಗಲಿ. ಆಗ ಕೋಚ್ ಬಾಯಿ ಮುಚ್ಚಬೇಕು.

ಬೆರಳ ಸನ್ನೆ ಗೊತ್ತು ಮಾಡಿಕೊಳ್ಳಿ. ತೀರ್ಪಿನ ಬಗ್ಗೆ ಆಟಗಾರನಿಗೆ ಖಾತ್ರಿಯಿದ್ದರೆ ಒಂದು ಬೆರಳು, ಅನುಮಾನವಿದ್ದರೆ ಮುಷ್ಟಿ. ಅಭ್ಯಾಸದಲ್ಲಿ ಮೊಬೈಲನ್ನು ಹಿಂಗೆರೆಯ ಹಿಂದೆ ಸ್ಟೂಲಿನ ಮೇಲಿಟ್ಟು ವಿಡಿಯೊ ಮಾಡಿ, ಆಮೇಲೆ ಎಲ್ಲರೂ ಕೂಡಿ ನೋಡಿ. ಒಂದು ಬೆರಳು ತೋರಿಸಿದವನು ಎಷ್ಟು ಸಲ ಸರಿಯಿದ್ದ? ನಾಲ್ಕು ವಾರದಲ್ಲಿ ಯಾರ ಕಣ್ಣನ್ನು ನಂಬಬೇಕೆಂದು ಕೋಚ್‌ಗೆ ಗೊತ್ತಾಗುತ್ತದೆ. "ಮುಟ್ಟಿಲ್ಲ ಸರ" ಎಂದು ಸುಳ್ಳು ಹೇಳಿ ತಂಡದ ರಿವ್ಯೂ ಸುಡುವ ಹುಡುಗ ಯಾರೆಂಬುದೂ ಗೊತ್ತಾಗುತ್ತದೆ.

ಕರ್ನಾಟಕದ ಕಬಡ್ಡಿ ಕೋಚ್ ಬಿ.ಸಿ. ರಮೇಶ್ 2019ರಲ್ಲಿ ಬೆಂಗಾಲ್ ವಾರಿಯರ್ಸ್‌ಗೆ, 2024ರ ಮಾರ್ಚ್‌ನಲ್ಲಿ ಪುಣೇರಿ ಪಲ್ಟನ್‌ಗೆ ಪ್ರೊ ಕಬಡ್ಡಿ ಕಪ್ ಗೆಲ್ಲಿಸಿಕೊಟ್ಟವರು. ಅಂಥವರ ಪಂದ್ಯಗಳ ವಿಡಿಯೊ ನೋಡುವಾಗ ಹುಡುಗರು ರೈಡ್ ನೋಡಲಿ. ಮಾಸ್ತರರು ಟೈಮ್‌ಔಟ್ ಎಷ್ಟನೇ ನಿಮಿಷಕ್ಕೆ ಬಂತು, ಅಂಕಣದಲ್ಲಿ ಎಷ್ಟು ಮಂದಿ ಇದ್ದರು, ಮುಂದಿನ ಎರಡು ರೈಡ್‌ನಲ್ಲಿ ಏನಾಯಿತು ಎಂದು ಬರೆದುಕೊಳ್ಳಲಿ. ಹತ್ತು ಪಂದ್ಯ ಬರೆದರೆ ಅದೇ ಪಾಠ.

ಕಿಸೆಯಲ್ಲಿ ಇಟ್ಟುಕೊಳ್ಳುವ ಚೀಟಿ

- ಪಂದ್ಯಕ್ಕೆ ಮುಂಚೆ: ಲಾಬಿ, ಡೂ ಆರ್ ಡೈ, ಸೂಪರ್ ಟ್ಯಾಕಲ್, ಆಕ್ಷೇಪದ ನಿಯಮ ಕೇಳಿದೆನೇ?
- ನೀರಿನ ಬಾಟಲಿ ಗೆರೆಯ ಹತ್ತಿರ ಇದೆಯೇ? ಕೊಡುವವನು ಯಾರು?
- ಮೊದಲರ್ಧ: ಒಂದು ಟೈಮ್‌ಔಟ್ ಎದುರಿನ ರೈಡರ್‌ನ ಆಟ ಓದಿದ ಮೇಲೆ.
- ಮೂವರು ಉಳಿದರೆ ಕೈ ಎತ್ತು. ಒಬ್ಬ ಉಳಿಯುವವರೆಗೆ ಕಾಯಬೇಡ.
- ಎದುರಿನ ರೈಡರ್ ದಣಿದಿದ್ದರೆ ಕೈ ಕೆಳಗೆ.
- ಎರಡನೆಯ ಅರ್ಧ: ಒಂದು ಟೈಮ್‌ಔಟ್ ಕೊನೆಯ ಮೂರು ನಿಮಿಷಕ್ಕೆ ಮೀಸಲು.
- ವಾಲಿಬಾಲ್: ಒಂದೇ ಸರ್ವಿಸಿಗೆ ಮೂರು ಹೋದರೆ ನಿಲ್ಲಿಸು, ಎರಡನೆಯದು 20ರ ನಂತರ.
- ನೀರು, ಒಂದು ಮಾತು, ತಿರುಗಿ ಹೇಳಿಸು.
- ರಿವ್ಯೂ: ಕಂಡವರು ಯಾರು, ಕಾಣುವಂಥದ್ದೇ, ಬೆಲೆ ಎಷ್ಟು?
- ರೆಫರಿಯ ಜೊತೆ ಮಾತು ಕ್ಯಾಪ್ಟನ್‌ದು.

ಟೈಮ್‌ಔಟ್ ಕೇಳುವ ಹಕ್ಕು ಯಾವ ಆಟಗಾರನಿಗೂ ಇದೆ ಎಂದು ಮೊದಲಲ್ಲೇ ಹೇಳಿದೆವು. ಈ ಪಾಠ ಹುಡುಗರಿಗೆ ಹತ್ತಿದೆಯೋ ಇಲ್ಲವೋ ಎಂಬುದಕ್ಕೆ ಅದೇ ಪರೀಕ್ಷೆ. ಮೂವರು ಉಳಿದ ಹೊತ್ತಿನಲ್ಲಿ ಮಾಸ್ತರರು ಸ್ಕೋರರ್ ಮೇಜಿನ ಕಡೆ ನೋಡುತ್ತಿದ್ದಾಗ, ಬಲಮೂಲೆಯ ಹುಡುಗ ತಾನೇ ರೆಫರಿಗೆ ಕೈ ಮಾಡಿ ನಿಲ್ಲಿಸಿ, ಬಾಟಲಿ ಬಾಯಿಗಿಡುವ ಮುಂಚೆ "ಸರ, ಅವ ಹಿಂದಿನ ಕಾಲ ಎಳಕೊಳ್ಳೋದು ತಡಾ ಮಾಡಾಕತ್ತಾನ" ಎಂದರೆ, ಮಾಸ್ತರರಿಗೆ ಹೇಳಲು ಏನೂ ಉಳಿದಿರುವುದಿಲ್ಲ. ಹೆಗಲ ಟವೆಲ್ ಹೆಗಲ ಮೇಲೇ ಇರಲಿ.